ವ್ಯಾಪಾರ ಮಾಡ್ತಾ ಮಾಡ್ತಾ ನಾನು ಬೆಳೆದೆನೋ, ಕಳೆದುಹೋದೆನೋ?

ಪ್ರಶ್ನೆ: ಧಾರವಾಡದಲ್ಲಿ ಐದು ವರ್ಷದಿಂದ ಒಂದು ಸಣ್ಣ ಸೆರಾಮಿಕ್ ಸ್ಟುಡಿಯೊ ನಡೆಸುತ್ತಿದ್ದೇನೆ. ಮಗ್, ಬಟ್ಟಲು, ತಟ್ಟೆ ಮಾಡುತ್ತೇವೆ. ಇಬ್ಬರು ಹುಡುಗಿಯರು ದಿನಕ್ಕೆ 500 ರೂಪಾಯಿ ಕೂಲಿಗೆ ಬರುತ್ತಾರೆ. ಶುರು ಮಾಡಿದಾಗ ನನಗೆ ಮಣ್ಣು ಬಿಟ್ಟರೆ ಬೇರೇನೂ ಬೇಕಿರಲಿಲ್ಲ. ಈಗ ದಿನದ ಮುಕ್ಕಾಲು ಭಾಗ ಬಿಲ್ಲು, ಪ್ಯಾಕಿಂಗ್, ಬಾಕಿ ವಸೂಲಿಯಲ್ಲೇ ಹೋಗುತ್ತದೆ. ಒಂದು ಅಂಗಡಿಯವರು ಎಂಟು ತಿಂಗಳಿಂದ ದುಡ್ಡು ಕೊಟ್ಟಿಲ್ಲ. 350 ರೂಪಾಯಿಯ ಮಗ್‌ಗೆ ಮಣ್ಣು, ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) 45, ಕರೆಂಟ್ 35, ಪ್ಯಾಕಿಂಗ್ 30 ಖರ್ಚು. 240 ಉಳಿಯಬೇಕು, ಆದರೆ ಕೈಯಲ್ಲಿ ದುಡ್ಡೇ ನಿಲ್ಲುವುದಿಲ್ಲ. ಹುಡುಗಿಯರಿಗೆ ಪೂರ್ತಿ ಕಲಿಸೋಣ ಅಂದರೆ ನಾಳೆ ಬಿಟ್ಟು ಹೋಗಿ ಇದನ್ನೇ ಶುರು ಮಾಡುತ್ತಾರೇನೋ ಅಂತ ಭಯ. ಮೊದಲು ಯಾರಿಗೂ ಇಲ್ಲ ಅನ್ನದವಳು ಈಗ ನೆಂಟರಿಗೂ ರೇಟು ಹೇಳುತ್ತೇನೆ. "ನೀ ಪೂರಾ ಯಾಪಾರಸ್ತಿ ಆಗೀ ನೋಡವಾ" ಅನ್ನುತ್ತಾಳೆ ಅವ್ವ. ಇದು ಬೆಳವಣಿಗೆಯಾ, ಇಲ್ಲ ನನ್ನೊಳಗಿನ ಕಲಾವಿದೆ ಸಾಯುತ್ತಿದ್ದಾಳಾ? ಇನ್ನೊಂದು ವಿಷಯ. ಬೆಂಗಳೂರಿನ ಒಂದು ಹೋಟೆಲ್‌ನವರು ದಸರಾ ಹೊತ್ತಿಗೆ 400 ಊಟದ ತಟ್ಟೆ ಕೇಳಿದ್ದಾರೆ. ಮಣ್ಣು ಸುಡುವ ನಮ್ಮ ಕರೆಂಟ್ ಕಿಲ್ನ್‌ನಲ್ಲಿ ಒಂದು ಸಲಕ್ಕೆ ಗ್ಲೇಜ್ ಹಚ್ಚಿದ 40 ತಟ್ಟೆ ಹಿಡಿಯುತ್ತವೆ. ಒಪ್ಪಿಕೊಳ್ಳಲಾ?

ಉತ್ತರ: ತಟ್ಟೆಯ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ನೀವು ಬರೆದ ಬದಲಾವಣೆಗಳಲ್ಲಿ ಕೆಲವು ನಿಜವಾದ ಬೆಳವಣಿಗೆ, ಇನ್ನು ಕೆಲವು ಬರೀ ದಣಿವು. ಎರಡನ್ನೂ ಒಂದೇ ಗಂಟು ಕಟ್ಟಿದ್ದೀರಿ. ಬಿಚ್ಚಿ ನೋಡೋಣ.

ಕೈಕೆಲಸ ಮಾಡಿ ಮಾರುವವರ ಲೆಕ್ಕಪತ್ರ ನೋಡುವುದು, ಅವರಿಗೆ ಸಲಹೆ ಕೊಡುವುದು ನನ್ನ ಕೆಲಸ. ನೇಯುವವರು, ಬಟ್ಟೆಗೆ ಅಚ್ಚು ಒತ್ತುವವರು, ಮರದ ಆಟಿಕೆ ಕಡೆಯುವವರು ಎಲ್ಲರೂ ಬರುತ್ತಾರೆ. ವ್ಯಾಪಾರ ಇವರಿಗೆ ಕಲಿಸುವ ದೊಡ್ಡ ಪಾಠ ಒಂದೇ: ನಾನು ಬೇರೆ, ನಾನು ಮಾಡಿದ ವಸ್ತು ಬೇರೆ. ಕೇಳುವುದಕ್ಕೆ ಸುಲಭ. ಕೈಯಾರೆ ಮಾಡಿದ್ದನ್ನು ಮಾರುವವರಿಗೆ ಮಾತ್ರ ಇದಕ್ಕಿಂತ ಕಷ್ಟದ ಪಾಠ ಇನ್ನೊಂದಿಲ್ಲ. ಹವ್ಯಾಸಕ್ಕೆ ಮಾಡುವವರು ಇದನ್ನು ಕಲಿಯದೆಯೂ ಆರಾಮಾಗಿ ಇರಬಹುದು. ಚೆನ್ನಾಗಿದೆ ಅಂತ ನಾಲ್ಕು ಜನ ಹೇಳಿದರೆ ಮುಗೀತು. ಮಾರಲು ಕೂತವರಿಗೆ ಆ ಅನುಕೂಲ ಇಲ್ಲ. ಮೇಳದಲ್ಲಿ ನೀವೇ ಗಮನಿಸಿರುತ್ತೀರಿ. ಯಾರೋ ಬರುತ್ತಾರೆ, ಮಗ್ ಎತ್ತುತ್ತಾರೆ, ತಿರುಗಿಸಿ ತಳ ಸವರುತ್ತಾರೆ, ಬೆಲೆ ಕೇಳುತ್ತಾರೆ, ಸುಮ್ನೆ ವಾಪಸ್ ಇಟ್ಟು ಮುಂದೆ ಹೋಗುತ್ತಾರೆ. ಮೊದಲ ವರ್ಷ ಇದು ಎದೆಗೆ ನಾಟುತ್ತದೆ, ರಾತ್ರಿ ನಿದ್ದೆ ಬರುವುದಿಲ್ಲ. ಆಮೇಲಾಮೇಲೆ ಅದೇ ಮಗ್ ಕೈಗೆತ್ತಿಕೊಂಡು "ಹಿಡಿ ಸಣ್ಣದಾಯಿತೇನೋ, ಎರಡು ಬೆರಳೂ ಹೋಗಲ್ಲ" ಅಂತ ನೀವೇ ನೋಡುತ್ತೀರಿ. ನೀವು ಈಗ ಹಾಗೆ ನೋಡುತ್ತಿದ್ದೀರಿ ಅಂತಾದರೆ ನಿಮ್ಮೊಳಗಿನ ಕಲಾವಿದೆಗೆ ಏನೂ ಆಗಿಲ್ಲ. ಅವಳ ಕಣ್ಣು ಮೊದಲಿಗಿಂತ ಚುರುಕಾಗಿದೆ.

ಆದರೆ ಬೆಲೆಯ ವಿಷಯದಲ್ಲಿ ನೀವು ಇನ್ನೂ ಅಷ್ಟು ದೂರ ಬಂದಿಲ್ಲ ಅಂತ ನಿಮ್ಮ ಲೆಕ್ಕವೇ ಹೇಳುತ್ತದೆ. ನಿಮ್ಮ ಮಗ್ ಅನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅಂಗಡಿಗಳು ಇಂಥ ಸಾಮಾನಿಗೆ 40 ಪರ್ಸೆಂಟ್ ತನಕ ಕಮಿಷನ್ ಕೇಳುತ್ತವೆ. ನಿಮ್ಮದೂ ಹಾಗೇ ಅಂತಿಟ್ಟುಕೊಳ್ಳಿ. 350ರಲ್ಲಿ 140 ಅಲ್ಲೇ ಹೋಯಿತು, ನಿಮ್ಮ ಕೈಗೆ 210. ಇನ್ನು ಒಡೆಯುವುದು. ಒಣಗುವಾಗ ಹಿಡಿ ಬಿರುಕು ಬಿಡುತ್ತದೆ, ಗ್ಲೇಜ್ ಇಳಿದು ಕಿಲ್ನ್ ಹಲಗೆಗೆ ಅಂಟುತ್ತದೆ, ಸಣ್ಣ ತೂತು ಬೀಳುತ್ತದೆ. ಹತ್ತರಲ್ಲಿ ಎರಡು ಹೀಗೆ ಹೋದರೆ ಉಳಿದ ಎಂಟು ಮಗ್‌ಗಳೇ ಹತ್ತರ ಖರ್ಚು ಹೊರಬೇಕು. ಮಣ್ಣು, ಗ್ಲೇಜ್, ಕರೆಂಟ್ ಸೇರಿ 80 ಅಂದಿದ್ದು 100 ಆಗುತ್ತದೆ. ಪ್ಯಾಕಿಂಗ್ ಸೇರಿದರೆ 130. ಉಳಿದದ್ದು 80 ರೂಪಾಯಿ.

ಇದಕ್ಕೆ ನಿಮ್ಮ ಸಮಯ ಎಷ್ಟು? ಮಣ್ಣು ನಾದಿ, ಚಕ್ರದ ಮೇಲೆ ಎತ್ತಿ, ಮರುದಿನ ತಳ ಕೆತ್ತಿ, ಹಿಡಿ ಅಂಟಿಸಿ, ಮೊದಲ ಸಲ ಸುಟ್ಟ ಮೇಲೆ ಒರೆಸಿ ಗ್ಲೇಜ್ ಹಚ್ಚಿ, ಎರಡನೇ ಸಲ ಸುಟ್ಟು, ತಳ ಉಜ್ಜುವುದು. ಎಲ್ಲ ಕೂಡಿಸಿದರೆ ಒಂದಕ್ಕೆ 50 ನಿಮಿಷ ಅಂದರೂ ಹಾಳಾದವುಗಳ ಸಮಯ ಸೇರಿ ಒಂದು ಗಂಟೆ ದಾಟುತ್ತದೆ. ಅಂದರೆ ಗಂಟೆಗೆ 80 ರೂಪಾಯಿಗಿಂತ ಕಡಿಮೆ. ಅದರಲ್ಲೇ ಸ್ಟುಡಿಯೊ ಬಾಡಿಗೆ, ಫೋನು, ಓಡಾಟ. ಎಂಟು ಗಂಟೆಗೆ 500 ಅಂದರೆ ನಿಮ್ಮ ಹುಡುಗಿಯರಿಗೆ ಗಂಟೆಗೆ ಅರವತ್ತು ಚಿಲ್ಲರೆ ಸಿಗುತ್ತದೆ. ಬಾಡಿಗೆ ಕಳೆದರೆ ಒಡತಿಗೆ ಅವರಿಗಿಂತ ಕಡಿಮೆ. ಕೈಯಲ್ಲಿ ದುಡ್ಡು ನಿಲ್ಲದಿರುವುದಕ್ಕೆ ಕಾರಣ ಇದೇ. ಬಾಡಿಗೆ ಸೇರಿ ಗಂಟೆಗೆ 200 ರೂಪಾಯಿಯಾದರೂ ಬರಲಿ ಅಂದರೆ ಅಂಗಡಿಯಲ್ಲಿ ಆ ಮಗ್‌ನ ಬೆಲೆ 560ರ ಹತ್ತಿರ ಇರಬೇಕು.

ಈ ಲೆಕ್ಕ ಕಷ್ಟದ್ದೇನಲ್ಲ, ನಿಮಗೂ ಬರುತ್ತದೆ. ಆದರೂ ಮಾಡಿಲ್ಲ, ಯಾಕೆ? ನನ್ನ ಬಳಿ ಬರುವ ಹೆಚ್ಚಿನವರೂ ಮಾಡಿರುವುದಿಲ್ಲ. 560 ಅಂತ ಬಾಯಿಬಿಟ್ಟು ಹೇಳುವಾಗ "ನಾನು ಅಷ್ಟಕ್ಕೆಲ್ಲ ಲಾಯಕ್ಕಾ" ಅನ್ನುವ ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಬೆಲೆ ಕಟ್ಟುತ್ತಿರುವುದು ನಿಮಗಲ್ಲ, ಒಂದು ಗಂಟೆಯ ಕೆಲಸಕ್ಕೆ, ಒಂದಿಷ್ಟು ಮಣ್ಣಿಗೆ, ಕರೆಂಟಿಗೆ. "ಸಂತೆಯಲ್ಲಿ ನೂರಕ್ಕೆ ಸಿಗತ್ತೆ" ಅಂದವರಿಗೆ ನೀವು ಕೆಟ್ಟವರಾಗಬೇಕಿಲ್ಲ. ಅವರಿಗೆ ನೂರರ ಮಗ್ ಸಾಕು, ಅವರು ಅದನ್ನೇ ಕೊಳ್ಳಲಿ. ಇಷ್ಟು ಸಮಾಧಾನದಿಂದ ಹೇಳಲು ಬಂದ ದಿನ ನಿಮ್ಮ ಮಾತಿನ ದನಿಯೇ ಬೇರೆ ಇರುತ್ತದೆ. ಮನೆಯಲ್ಲಿ, ನೆಂಟರ ಜೊತೆ, ಬ್ಯಾಂಕಿನಲ್ಲಿ ಕೂಡ. ವ್ಯಾಪಾರದಲ್ಲಿ ಕಲಿತದ್ದು ಅಂಗಡಿ ಬಾಗಿಲಲ್ಲೇ ನಿಲ್ಲುವುದಿಲ್ಲ.

ನೆಂಟರಿಗೆ ರೇಟು ಹೇಳಿದ್ದಕ್ಕೆ ಪಾಪಪ್ರಜ್ಞೆ ಬೇಡ. ಕೊಡಬೇಕು ಅನ್ನಿಸಿದವರಿಗೆ ಪೂರ್ತಿ ಉಡುಗೊರೆಯಾಗಿ ಕೊಡಿ, ಉಳಿದವರಿಗೆ ಪೂರ್ತಿ ಬೆಲೆ ಹೇಳಿ. ಅರ್ಧ ಬೆಲೆಗೆ ಕೊಟ್ಟು ಆಮೇಲೆ ಮನಸ್ಸಲ್ಲೇ ಕೊರಗುವುದು ಇಬ್ಬರಿಗೂ ಒಳ್ಳೆಯದಲ್ಲ. ಅವ್ವನಿಗೂ ಇದನ್ನೇ ಹೇಳಿ. ಅವರು ಬೈಯುತ್ತಿಲ್ಲ ಅಂತ ನನಗನ್ನಿಸುತ್ತದೆ. ಮಗಳು ಬದಲಾದದ್ದನ್ನು ನಿಮಗಿಂತ ಮೊದಲು ಕಂಡಿದ್ದಾರೆ, ಅಷ್ಟೆ.

ಎಂಟು ತಿಂಗಳ ಬಾಕಿಯ ವಿಷಯ ಬೇರೆ. ಅದರಲ್ಲಿ ನಾಚಿಕೆಗೆ ಜಾಗವೇ ಇಲ್ಲ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿದ್ದೀರಾ? ಇಲ್ಲದಿದ್ದರೆ ಈ ವಾರವೇ ಮಾಡಿ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲೇ ಆಗುತ್ತದೆ, ದುಡ್ಡು ಕೊಡಬೇಕಿಲ್ಲ. ಕಿರು, ಸಣ್ಣ, ಮಧ್ಯಮ ಉದ್ಯಮಗಳಿಗಿರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ನೋಂದಣಿಯಾದ ಸಣ್ಣ ತಯಾರಕರಿಂದ ಮಾಲು ಕೊಂಡವರು ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ತಡವಾದರೆ ಬಡ್ಡಿ ಸೇರುತ್ತದೆ. ಆ ದರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ದೂರು ಕೊಡಲು ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ಒಂದು ಎಚ್ಚರಿಕೆ. ಇದೆಲ್ಲ ಬಿಲ್ ಹಾಕಿ ಮಾರಿದ ಮಾಲಿಗೆ. "ಇಟ್ಟು ಹೋಗಿ, ಮಾರಾಟವಾದರೆ ಕೊಡ್ತೀವಿ" ಅಂತ ಬಿಟ್ಟು ಬಂದ ಮಾಲು ಇನ್ನೂ ನಿಮ್ಮದೇ. ಅದನ್ನು ಮೊದಲು ಎಣಿಸಿ, ಮಾರಾಟವಾಗಿದ್ದು ಎಷ್ಟು ಅಂತ ಬರೆಸಿಕೊಳ್ಳಿ. ಹಳೇ ಬಾಕಿಗೆ ಈ ಕಾಯ್ದೆ ಅನ್ವಯಿಸುವುದೇ ಅಂತ ಒಬ್ಬ ವಕೀಲರನ್ನು ಕೇಳಿ. ಇನ್ನು ಮುಂದಿನ ಬಿಲ್ಲುಗಳಿಗಂತೂ ನೋಂದಣಿ ಸಂಖ್ಯೆ ಮೇಲೆಯೇ ಇರಲಿ.

ಈಗ ಹುಡುಗಿಯರ ವಿಷಯ. ನನ್ನ ಪ್ರಕಾರ ನಿಮ್ಮ ಮುಂದಿನ ಐದು ವರ್ಷ ಹೇಗಿರುತ್ತವೆ ಅಂತ ತೀರ್ಮಾನವಾಗುವುದು ಇಲ್ಲಿಯೇ.

ಬೆಲೆ ಹೇಳುವುದು ಕಲಿತ ಕಲಾವಿದರೂ ಈ ಮೆಟ್ಟಿಲಲ್ಲಿ ನಿಂತುಬಿಡುತ್ತಾರೆ. ಇನ್ನೊಬ್ಬರ ಕೈ ಮಾಡಿದ್ದಕ್ಕೆ ನಿಮ್ಮ ಸ್ಟುಡಿಯೊ ಹೆಸರು ಒತ್ತಬೇಕು. ಅವರು ಮಾಡಿದ ಮಗ್‌ನ ತುಟಿ ನಿಮ್ಮದರಷ್ಟು ತೆಳ್ಳಗೆ ಇರುವುದಿಲ್ಲ. ಕೈ ತುರಿಸುತ್ತದೆ. ಸಂಜೆ ಅವರು ಹೋದ ಮೇಲೆ ಕೂತು ತಿದ್ದುತ್ತೀರಿ, ಅಲ್ವಾ? ಹಾಗೆ ತಿದ್ದುವ ತನಕ ಅವರು ಕಲಿಯುವುದಿಲ್ಲ, ನಿಮ್ಮ ಸಂಜೆಯೂ ನಿಮಗೆ ಸಿಗುವುದಿಲ್ಲ.

ಮಣ್ಣಿನ ಕೆಲಸದವರು ಓದಲೇಬೇಕಾದ ಚರಿತ್ರೆ ಒಂದಿದೆ. 1920ರಲ್ಲಿ ಬರ್ನಾರ್ಡ್ ಲೀಚ್ ಅನ್ನುವ ಇಂಗ್ಲಿಷ್ ಕಲಾವಿದ ಜಪಾನಿನ ಶೋಜಿ ಹಮಾದಾ ಜೊತೆ ಸೇರಿ ಇಂಗ್ಲೆಂಡಿನ ಕಡಲತೀರದ ಸೇಂಟ್ ಐವ್ಸ್ ಊರಿನಲ್ಲಿ ಕುಂಬಾರಿಕೆ ಶುರು ಮಾಡಿದರು. ಸೌದೆ ಉರಿಯ ಕಿಲ್ನ್, ಕೈತುಂಬ ಕನಸು, ದುಡ್ಡಿಗೆ ಸದಾ ತಾಪತ್ರಯ. ಲೀಚ್‌ಗೆ ಕಾರ್ಖಾನೆ ಅಂದರೆ ಆಗುತ್ತಿರಲಿಲ್ಲ. ಅವರ ಮಗ ಡೇವಿಡ್ 1930ರ ದಶಕದಲ್ಲಿ ಪಿಂಗಾಣಿ ಕಾರ್ಖಾನೆಗಳ ಊರಾದ ಸ್ಟೋಕ್-ಆನ್-ಟ್ರೆಂಟ್‌ಗೆ ಹೋಗಿ ಅದೇ ಕಾರ್ಖಾನೆಯ ವಿದ್ಯೆ ಕಲಿತು ಬಂದ. ಅಪ್ಪನಿಗೆ ಇದು ಇಷ್ಟವಿರಲಿಲ್ಲ. ಮಗ ಬಂದವನೇ ಕಿಲ್ನ್‌ಗೆ ಎಣ್ಣೆಯ ಉರಿ ತಂದ, ಕೆಲಸಕ್ಕೆ ಒಂದು ಕ್ರಮ ತಂದ. ನಿತ್ಯ ಬಳಕೆಯ ಬಟ್ಟಲು, ಜಗ್, ತಟ್ಟೆಗಳನ್ನು "ಸ್ಟ್ಯಾಂಡರ್ಡ್ ವೇರ್" ಅಂತ ಹೆಸರಿಟ್ಟು ಕ್ಯಾಟಲಾಗ್‌ನಲ್ಲಿ ಮಾರತೊಡಗಿದರು. ಅದನ್ನು ಮಾಡುತ್ತಿದ್ದುದು ಒಬ್ಬರ ಕೈಯಲ್ಲ, ಕಲಿಯಲು ಬಂದವರು, ಕೆಲಸಕ್ಕಿದ್ದವರು ಎಲ್ಲರೂ ಅದೇ ಅಳತೆ ಹಿಡಿದು ಮಾಡುತ್ತಿದ್ದರು. ಲೀಚ್ ತಮ್ಮ ಸ್ವಂತದ ಹೂಜಿಗಳನ್ನು ಬೇರೆಯಾಗಿ ಮಾಡುತ್ತಿದ್ದರು. ಎರಡು ಸಾಲು, ಎರಡು ಬೆಲೆ. ನಿತ್ಯದ ಸಾಲು ಮನೆ ನಡೆಸಿತು, ಸ್ವಂತದ ಸಾಲು ಕಲಾವಿದನನ್ನು ಉಳಿಸಿತು.

ನಮ್ಮ ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇದೆ. 1971ರಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಪುದುಚೇರಿಯಲ್ಲಿ ಗೋಲ್ಡನ್ ಬ್ರಿಜ್ ಪಾಟರಿ ಕಟ್ಟಿದರು. ಸ್ಥಳೀಯರಿಗೆ ಕೆಲಸ ಕಲಿಸಿದರು, ಹೊರಗಿನಿಂದ ಬಂದವರಿಗೂ ಕಲಿಸಿದರು. ಅಲ್ಲಿ ಕಲಿತವರು ಹೋಗಿ ತಮ್ಮ ತಮ್ಮ ಸ್ಟುಡಿಯೊ ತೆರೆದರು. ಅದರಿಂದ ಗೋಲ್ಡನ್ ಬ್ರಿಜ್ ಹೆಸರು ಸಣ್ಣದಾಗಲಿಲ್ಲ. ಪುದುಚೇರಿ ಅಂದರೆ ಮಣ್ಣಿನ ಕೆಲಸದ ಊರು ಅಂತ ದೇಶಕ್ಕೆಲ್ಲ ಗೊತ್ತಾಯಿತು. ನಿಮ್ಮ ಭಯಕ್ಕೆ ಇದು ನನ್ನ ಉತ್ತರ. ಹೋಗುವವರು ಹೋಗುತ್ತಾರೆ. ಪೂರ್ತಿ ಕಲಿಸದಿದ್ದರೂ ಹೋಗುತ್ತಾರೆ, ಇನ್ನೂ ಬೇಗ ಹೋಗುತ್ತಾರೆ.

ಇದೇ ಗುಣದಲ್ಲಿ ಕನ್ನಡದವರಿಗೆ ಗುಬ್ಬಿ ವೀರಣ್ಣನವರಿಗಿಂತ ದೊಡ್ಡ ಮಾದರಿ ಬೇಕಾ? 1884ರಲ್ಲಿ ಹುಟ್ಟಿದ ನಾಟಕ ಕಂಪನಿಗೆ ಅವರು ಸೇರಿದ್ದು ಚಿಕ್ಕ ಹುಡುಗನಾಗಿ. ಮುಂದೆ ಅದರ ಒಡೆಯರಾದರು. ಒಡೆಯರಾದವರು ರಾಜನ ಪಾತ್ರ ಹಾಕಿ ಮೆರೆಯಬಹುದಿತ್ತು. ಜನ ಅವರನ್ನು ನೆನೆಯುವುದು "ಸದಾರಮೆ" ನಾಟಕದ ಕಳ್ಳನ ಪಾತ್ರಕ್ಕೆ, ಹಾಸ್ಯಕ್ಕೆ. ತಮ್ಮ ಕೈಗೆ ಯಾವುದು ಒಲಿದಿದೆ ಅಂತ ಅವರಿಗೆ ಗೊತ್ತಿತ್ತು, ಉಳಿದ ಜಾಗವನ್ನು ಬೇರೆಯವರಿಗೆ ಬಿಟ್ಟರು. ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಿ.ವಿ. ಕಾರಂತ ಆ ಕಂಪನಿಯಲ್ಲಿ ಪಳಗಿದವರು. ಕಾರಂತರನ್ನು ಓದಲು ಕಾಶಿಗೆ ಕಳಿಸಿದ್ದು ವೀರಣ್ಣನವರೇ. ಓದಿ ಬೇರೆ ದಾರಿ ಹಿಡಿಯಬಹುದಾದ ಹುಡುಗನಿಗೆ ಒಬ್ಬ ಕಂಪನಿ ಮಾಲೀಕ ಖರ್ಚು ಹಾಕಿ ಓದಿಸುವುದು ಸಣ್ಣ ಮನಸ್ಸಿನವರಿಗೆ ಆಗುವ ಕೆಲಸವಲ್ಲ. ಊರೂರು ಟೆಂಟ್ ಹೊತ್ತು, ನೂರಾರು ಜನರಿಗೆ ಊಟ ಹಾಕಿ, ಸಾಲ ಸೋಲ ನೋಡಿ ಬಂದ ಮನಸ್ಸು ಅದು.

ಧಾರವಾಡದವರಾದ ನಿಮಗೆ ಪುಸ್ತಕ ಪ್ರಕಾಶನ ಸಂಸ್ಥೆ ಮನೋಹರ ಗ್ರಂಥಮಾಲೆಯ ಅಟ್ಟ ಗೊತ್ತೇ ಇರುತ್ತದೆ. 1933ರಲ್ಲಿ ಅದನ್ನು ಶುರು ಮಾಡಿದ ಜಿ.ಬಿ. ಜೋಶಿಯವರು ಸ್ವತಃ "ಜಡಭರತ" ಹೆಸರಿನಲ್ಲಿ ನಾಟಕ ಬರೆದವರು. ಇಪ್ಪತ್ತರ ಹರೆಯದ ಗಿರೀಶ ಕಾರ್ನಾಡರ ಮೊದಲ ನಾಟಕವನ್ನು 1961ರಲ್ಲಿ ಅಚ್ಚು ಹಾಕಿದ್ದು ಅವರ ಸಂಸ್ಥೆ. ತಾನೂ ನಾಟಕಕಾರ, ಇನ್ನೊಬ್ಬ ನಾಟಕಕಾರ ತನಗಿಂತ ದೊಡ್ಡವನಾಗಬಹುದು ಅಂತ ಗೊತ್ತಿದ್ದೂ ಅವನ ಪುಸ್ತಕಕ್ಕೆ ಕಾಗದ ತರುವುದು. ಸಮಯ ಸಿಕ್ಕಾಗ ಒಮ್ಮೆ ಆ ಅಟ್ಟ ಹತ್ತಿ ಬನ್ನಿ.

ಇಷ್ಟರ ತನಕ ಬೆಳವಣಿಗೆಯ ಮಾತಾಯಿತು. ಇನ್ನು ದಣಿವಿನದ್ದು. ದಿನದ ಮುಕ್ಕಾಲು ಭಾಗ ಬಿಲ್ಲು, ಪ್ಯಾಕಿಂಗ್‌ನಲ್ಲಿ ಹೋಗುವುದನ್ನು ದಯವಿಟ್ಟು ಬೆಳವಣಿಗೆ ಅಂತ ಕರೆದುಕೊಳ್ಳಬೇಡಿ. ಕಷ್ಟಪಟ್ಟರೆ ಗಟ್ಟಿಯಾಗುತ್ತೀವಿ ಅನ್ನುವ ಮಾತನ್ನು ಈ ಉದ್ಯಮದಲ್ಲಿ ತುಂಬಾ ಜನ ತಲೆಗೆ ಹಚ್ಚಿಕೊಂಡಿದ್ದಾರೆ. ಗೋಣಿಗಟ್ಟಲೆ ಬಬಲ್ ರ‍್ಯಾಪ್ ಸುತ್ತಿದರೆ ಯಾರ ಮನಸ್ಸೂ ದೊಡ್ಡದಾಗುವುದಿಲ್ಲ, ಸೊಂಟ ನೋಯುತ್ತದೆ ಅಷ್ಟೆ. ಪ್ಯಾಕಿಂಗ್‌ಗೆ ವಾರದಲ್ಲಿ ಎರಡು ದಿನ ಗೊತ್ತು ಮಾಡಿ, ಅದನ್ನು ಗಿರಾಕಿಗಳಿಗೂ ಮೊದಲೇ ತಿಳಿಸಿ. ಬಿಲ್ಲು, ಜಿಎಸ್‌ಟಿ, ಬಾಕಿ ಪಟ್ಟಿ ನೋಡಲು ತಿಂಗಳಿಗೆ ನಾಲ್ಕು ದಿನ ಬರುವ ಲೆಕ್ಕದವರನ್ನು ಇಟ್ಟುಕೊಳ್ಳಿ. ಬೆಲೆ ಸರಿ ಮಾಡಿದರೆ ಅವರ ಸಂಬಳ ಅದರಲ್ಲೇ ಹುಟ್ಟುತ್ತದೆ. ಬೆಳಗಿನ ಹೊತ್ತು ಫೋನ್ ಮುಟ್ಟದೆ ಚಕ್ರದ ಮುಂದೆ ಕೂರಿ. ಆರ್ಡರ್ ಇರಲಿ ಬಿಡಲಿ.

ಇದಕ್ಕಿಂತ ಒಳಗಿನ ಅಪಾಯ ಇನ್ನೊಂದಿದೆ, ನಿಮ್ಮ ಪತ್ರದಲ್ಲಿ ಅದು ಕಾಣಲಿಲ್ಲ. ನೀಲಿ ಗ್ಲೇಜ್‌ನ ಮಗ್ ಚೆನ್ನಾಗಿ ಹೋಗುತ್ತದೆ, ಹಾಗಾಗಿ ನೀಲಿಯೇ ಮಾಡುತ್ತೀರಿ. ಫೋಟೊಗೆ ಜಾಸ್ತಿ ಲೈಕ್ ಬಂದದ್ದನ್ನೇ ಮತ್ತೆ ಮಾಡುತ್ತೀರಿ. ನಾಲ್ಕೈದು ವರ್ಷ ಕಳೆದ ಮೇಲೆ ಕೈಗೆ ಬೇರೇನೂ ಬರುವುದಿಲ್ಲ. ಗಿರಾಕಿ ಒಳ್ಳೆಯ ಗುರು, ನಿಜ. ತುಟಿ ದಪ್ಪ, ಹಿಡಿ ಸಣ್ಣ, ತಳ ಗೀರುತ್ತದೆ ಅಂತ ಅವರು ಹೇಳಿದ್ದನ್ನು ಕೇಳಲೇಬೇಕು. ಆದರೆ ಇನ್ನೂ ಹುಟ್ಟದ ವಸ್ತುವನ್ನು ಗಿರಾಕಿ ಕೇಳಲಾರರು. ಅದು ನಿಮ್ಮ ಕೆಲಸ. ಸ್ಟುಡಿಯೊದಲ್ಲಿ ಒಂದು ಹಲಗೆ ಮಾರಾಟಕ್ಕಿಲ್ಲ ಅಂತ ಇಡಿ. ಕಿಲ್ನ್ ತುಂಬುವಾಗ ಪ್ರತಿ ಸಲ ಒಂದು ಮೂಲೆ ಆ ಹಲಗೆಯ ಪ್ರಯೋಗಗಳಿಗೆ ಮೀಸಲಿರಲಿ. ಎಷ್ಟೇ ಆರ್ಡರ್ ಇದ್ದರೂ ಆ ಮೂಲೆ ಬಿಟ್ಟುಕೊಡಬೇಡಿ. ಹುಡುಗಿಯರ ಪ್ರಯೋಗಕ್ಕೂ ಅಲ್ಲಿ ಜಾಗ ಕೊಡಿ.

ಈಗ ತಟ್ಟೆ. ತಟ್ಟೆ ನೋಡಲು ಸುಲಭ, ಮಾಡಲು ಬಟ್ಟಲಿಗಿಂತ ಕಷ್ಟ ಅಂತ ನಿಮಗೆ ಗೊತ್ತು. ಒಣಗುವಾಗ ಅಂಚು ಏಳುತ್ತದೆ, ಸುಡುವಾಗ ಸೊಟ್ಟಗಾಗುತ್ತದೆ. ಐದರಲ್ಲಿ ಒಂದು ಹಾಳಾದರೂ 400ಕ್ಕೆ 500 ಮಾಡಬೇಕು. ಗ್ಲೇಜ್ ಸುಡಲು 40ರಂತೆ 13 ಸಲ. ಬಿಸಿ ಏರಿ, ತಣ್ಣಗಾಗಿ, ಬಾಗಿಲು ತೆರೆಯಲು ಎರಡು ದಿನ ಅಂದರೆ 26 ದಿನ. ಮೊದಲ ಸಲ ಸುಡುವಾಗ ಒಂದರ ಮೇಲೊಂದು ಇಟ್ಟು 80 ಹಿಡಿಸಿದರೂ ಏಳು ಸಲ, ಇನ್ನೊಂದು 14 ದಿನ. ಬರೀ ಕಿಲ್ನ್‌ಗೇ 40 ದಿನ ಆಯಿತು. ಅದೂ ಕರೆಂಟ್ ಕೈಕೊಡದಿದ್ದರೆ. ದಸರಾಕ್ಕೆ ಮುಂಚಿನ ತಿಂಗಳುಗಳು ಧಾರವಾಡದಲ್ಲಿ ಜಿಟಿಜಿಟಿ ಮಳೆಯವು, ತಟ್ಟೆ ಒಣಗಲು ಬೇಸಿಗೆಗಿಂತ ಎಷ್ಟೋ ಜಾಸ್ತಿ ದಿನ ಬೇಕು. ಕೈಯಲ್ಲಿ ಪೂರ್ತಿ ಮೂರು ತಿಂಗಳಿದ್ದರೆ ಒಪ್ಪಬಹುದು. ಎರಡೇ ತಿಂಗಳಿದ್ದರೆ 200 ಅನ್ನಿ, ಇಲ್ಲವೇ ಬೇಡ ಅನ್ನಿ. ದೊಡ್ಡ ಆರ್ಡರ್ ಸಿಕ್ಕಿತು ಅನ್ನುವ ಹಿಗ್ಗು ದಿನಗಳನ್ನು ಉದ್ದ ಮಾಡುವುದಿಲ್ಲ.

ಒಪ್ಪುವುದಾದರೆ ಮೊದಲು ನಾಲ್ಕು ತಟ್ಟೆ ಮಾಡಿ ಕಳಿಸಿ, ಅವರ ಅಡುಗೆಮನೆಯಲ್ಲಿ ಎರಡು ವಾರ ಬಳಸಲಿ, ಪಾತ್ರೆ ತೊಳೆಯುವ ಮೆಷಿನ್‌ಗೆ ಹಾಕಲಿ, ಒಂದರ ಮೇಲೊಂದು ಪೇರಿಸಿ ನೋಡಲಿ. ಮಣ್ಣು ಒಣಗಿ ಬೇಯುವಷ್ಟರಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಕುಗ್ಗುತ್ತದೆ. ಎಲ್ಲ ತಟ್ಟೆಯೂ ಒಂದೇ ಅಳತೆ ಇರಲಾರದು. ಎಷ್ಟು ಮಿಲಿಮೀಟರ್ ಹೆಚ್ಚುಕಡಿಮೆ ಒಪ್ಪುತ್ತಾರೆ ಅಂತ ಕಾಗದದಲ್ಲಿ ಬರೆಸಿ. ಸಾಗಣೆಯಲ್ಲಿ ಒಡೆದರೆ ಯಾರದ್ದು ಅಂತ ಬರೆಸಿ. ಮಾಲನ್ನು ಎರಡು ಕಂತಿನಲ್ಲಿ ಕೊಡಿ, ಮೊದಲ ಕಂತಿನ ದುಡ್ಡು ಬಂದ ಮೇಲೆ ಎರಡನೆಯದು ಕಳಿಸಿ. ಈ ಕೆಲಸದಲ್ಲಿ ತಟ್ಟೆ ತಟ್ಟುವುದು ಪೂರ್ತಿ ಹುಡುಗಿಯರ ಕೈಯಲ್ಲಿರಲಿ. ನೀವು ಮಾದರಿ, ಅಳತೆ, ಗ್ಲೇಜ್ ನೋಡಿಕೊಳ್ಳಿ. ಈ ಆರ್ಡರ್ ನಡೆಯುವಷ್ಟು ದಿನ ಅವರ ಕೂಲಿಯನ್ನೂ ಏರಿಸಿ, ಆ ಖರ್ಚನ್ನು ತಟ್ಟೆಯ ಬೆಲೆಯಲ್ಲಿ ಸೇರಿಸಿಯೇ ಹೋಟೆಲ್‌ನವರಿಗೆ ಕೊಟೇಶನ್ ಕಳಿಸಿ. ಅರ್ಧ ದುಡ್ಡು ಮುಂಗಡ ಬ್ಯಾಂಕಿಗೆ ಬರುವ ತನಕ ಮಣ್ಣು ತರಿಸಬೇಡಿ.